ಗೇಮ್ ಕೊಂಡಾದ ಮೇಲೆ ರಿವ್ಯೂ ಓದಬೇಡಿ

ಸಸ್ಪೆನ್ಸ್ ಗೇಮ್ ಒಂದನ್ನು ಕೊಂಡು ಇನ್‌ಸ್ಟಾಲ್ ಮಾಡಿಟ್ಟಿದ್ದೀರಿ. ಶುರು ಮಾಡುವ ಮೊದಲು ಸ್ಪಾಯ್ಲರ್ ಇಲ್ಲದ, ಅಂದರೆ ಕಥೆಯ ಗುಟ್ಟು ಬಿಟ್ಟುಕೊಡದ, ರಿವ್ಯೂ ಒಂದೆರಡು ಓದಿದರೆ ಏನೂ ಹಾಳಾಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಹಾಳಾಗುತ್ತದೆ. ನಾನೂ ಇದೇ ಯೋಚನೆ ಮಾಡಿ ಓದಿದವ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾನು ಆಡಿದ ಆ ಗೇಮ್‌ನ ಹೆಸರು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅದರಲ್ಲಿ ನೀವು ಒಂದು ದೊಡ್ಡ ಕಟ್ಟಡದೊಳಗೆ ಸಿಕ್ಕಿಹಾಕಿಕೊಂಡಿರುತ್ತೀರಿ. ಕೈಯಲ್ಲಿ ಟಾರ್ಚು, ಜೊತೆಗೊಂದು ವಾಕಿಟಾಕಿ. ವಾಕಿಟಾಕಿಯ ಆ ಕಡೆ ಒಬ್ಬ ಇದ್ದಾನೆ, ಅವನೂ ಅದೇ ಕಟ್ಟಡದ ಬೇರೆ ಮಹಡಿಯಲ್ಲಿ ಸಿಕ್ಕಿಕೊಂಡವನೇ. ಅವನ ಮುಖ ಕಾಣುವುದಿಲ್ಲ, ದನಿ ಮಾತ್ರ. ಎಡಕ್ಕೆ ಹೋಗು, ಆ ಬಾಗಿಲು ಬೇಡ, ಸ್ವಲ್ಪ ತಾಳು ಇಲ್ಲೇನೋ ಸದ್ದು... ಹೀಗೆ ಹೇಳುತ್ತಾ ನಿಮ್ಮನ್ನು ನಡೆಸುತ್ತಿರುತ್ತಾನೆ. ಆ ದನಿ ಯಾವಾಗ ನಿಂತುಹೋಗುತ್ತದೋ ಅನ್ನುವ ಭಯವೇ ಇಡೀ ಆಟ.

ನಾನು ಓದಿದ ರಿವ್ಯೂನ ತಲೆಬರಹದಲ್ಲೇ ಸ್ಪಾಯ್ಲರ್ ಇಲ್ಲ ಅಂತ ಇತ್ತು. ಬರೆದವರು ಮಾತು ತಪ್ಪಿರಲಿಲ್ಲ ಅಂತಲೇ ಅವರು ಇವತ್ತಿಗೂ ಹೇಳಿಯಾರು. ಕಥೆ ಹೇಳಿರಲಿಲ್ಲ. ತಿರುವು ಹೇಳಿರಲಿಲ್ಲ. ಕೊನೆಯ ಪ್ಯಾರಾದಲ್ಲಿ ಒಂದು ಹೊಗಳಿಕೆ ಇತ್ತು, ಅಷ್ಟೇ: ವಾಕಿಟಾಕಿ ಪಾತ್ರಕ್ಕೆ ದನಿ ಕೊಟ್ಟ ನಟ ಕಡೆಯ ದೃಶ್ಯದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂದರೆ ಮರೆಯೋಕೆ ಆಗುವುದಿಲ್ಲ ಅಂತ.

ಕಡೆಯ ದೃಶ್ಯದಲ್ಲಿ ಅವನಿದ್ದಾನೆ. ಅಂದರೆ ಅಲ್ಲಿಯವರೆಗೆ ಅವನು ಸಾಯುವುದಿಲ್ಲ.

ಆಟದ ನಡುವೆ ಒಂದು ಜಾಗ ಬರುತ್ತದೆ. ಕತ್ತಲೆಯ ಮೆಟ್ಟಿಲು. ಅವನು ಪಿಸುದನಿಯಲ್ಲಿ ಯಾರೋ ಬಾಗಿಲು ತಳ್ಳುತ್ತಿದ್ದಾರೆ ಅಂತಾನೆ, ಆಮೇಲೆ ಏನೋ ಬಿದ್ದ ಸದ್ದು, ಆಮೇಲೆ ಬರೀ ಗರಗರ. ವಾಕಿಟಾಕಿ ಒತ್ತೋಕೆ ಒಂದು ಬಟನ್ ಇದೆ. ಒತ್ತಿದರೆ ಗರಗರ, ಬಿಟ್ಟರೆ ಮೌನ. ಅಲ್ಲಿ ನಾನು ಏನು ಮಾಡಿದೆ ಗೊತ್ತಾ? ಪಕ್ಕದ ಕೋಣೆಗೆ ಹೋಗಿ ಒಂದೊಂದೇ ಡ್ರಾಯರ್ ಎಳೆದು ಟಾರ್ಚಿಗೆ ಬ್ಯಾಟರಿ ಹುಡುಕಿದೆ. ಹೇಗೂ ಅವನು ಬದುಕಿರುತ್ತಾನೆ, ನಿಧಾನಕ್ಕೆ ಹೋದರಾಯಿತು. ಆಮೇಲೆ ಅದೇ ಗೇಮನ್ನು ನನ್ನ ಗೆಳತಿ ಆಡಿದಳು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಗರಗರ ಶುರುವಾಗುತ್ತಿದ್ದ ಹಾಗೆ ಬಟನ್ ಮೇಲೆ ಬಟನ್ ಒತ್ತಿದಳು, ಬಾಯಲ್ಲಿ ಹಲೋ ಹಲೋ ಅಂದಳು, ಬ್ಯಾಟರಿ ಗೀಟರಿ ಏನನ್ನೂ ನೋಡದೆ ಕತ್ತಲಲ್ಲೇ ಮೇಲಕ್ಕೆ ಓಡಿದಳು. ಮಾಡಿದವರು ಆ ಮೆಟ್ಟಿಲು ಕಟ್ಟಿದ್ದು ಆ ಓಟಕ್ಕೋಸ್ಕರ. ಅವಳಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಗೇಮನ್ನು ಎಷ್ಟು ಸಲ ಬೇಕಾದರೂ ಮತ್ತೆ ಆಡಬಹುದು, ಗೊತ್ತಿಲ್ಲದೆ ಆಡೋಕೆ ಒಂದೇ ಸಲ ಆಗೋದು.

ತಪ್ಪು ಎಲ್ಲಿ ಆಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಜಾಗದಲ್ಲಿದ್ದೀರಿ. ದುಡ್ಡು ಕೊಟ್ಟಾಗಿತ್ತು. ಡೌನ್‌ಲೋಡ್ ನಡೆಯುತ್ತಿತ್ತು. ನಾನು ಆಡೋದು ಖಾತ್ರಿಯಾಗಿತ್ತು. ರಿವ್ಯೂ ಇರುವುದು ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕೆ, ಆ ತೀರ್ಮಾನ ಆಗಿಹೋಗಿತ್ತು. ಆದರೂ ಓದಿದೆ. ಡೌನ್‌ಲೋಡ್ ಮುಗಿಯುವ ತನಕ ಸುಮ್ನೆ ಕೂರಲು ಆಗಲಿಲ್ಲ ಅನ್ನೋದು ಒಂದು ಕಾರಣ. ಕೊಟ್ಟ ದುಡ್ಡು ದಂಡ ಆಗಲಿಲ್ಲ ಅಂತ ಯಾರಾದರೂ ಹೇಳಲಿ ಅನ್ನುವ ಆಸೆ ಇನ್ನೊಂದು. ಅದೂ ಪೂರ್ತಿ ಓದುವ ಉದ್ದೇಶ ಇರಲಿಲ್ಲ, ಸ್ಕೋರ್ ಮಾತ್ರ ನೋಡೋಣ ಅಂತ ಸೀದಾ ಪುಟದ ಕೆಳಕ್ಕೆ ಹೋದೆ. ಸ್ಕೋರ್ ಎಲ್ಲಿರುತ್ತದೆ? ಕೊನೆಯ ಪ್ಯಾರಾದ ಕೆಳಗೆ. ಕೊನೆಯ ಪ್ಯಾರಾದಲ್ಲಿ ಏನಿರುತ್ತದೆ? ಆಟ ಹೇಗೆ ಮುಗಿಯಿತು, ಮುಗಿದಾಗ ಅವರಿಗೆ ಏನನ್ನಿಸಿತು ಅನ್ನೋದು. ಅಂಕಿ ಹುಡುಕುತ್ತಾ ಹೋದ ಕಣ್ಣು ಅದರ ಮೇಲಿನ ಎರಡು ಸಾಲನ್ನು ಓದದೆ ಬಿಡುವುದಿಲ್ಲ. ಇಡೀ ರಿವ್ಯೂ ಮೇಲಿನಿಂದ ಓದಿದ್ದರೂ ಇಷ್ಟು ನಷ್ಟ ಆಗುತ್ತಿರಲಿಲ್ಲವೇನೋ, ನಾನು ನೇರವಾಗಿ ಹೋಗಿ ನಿಂತಿದ್ದೇ ಅತ್ಯಂತ ಅಪಾಯದ ಜಾಗದಲ್ಲಿ.

ಇನ್ನು ಸ್ಪಾಯ್ಲರ್ ಇಲ್ಲ ಅನ್ನುವ ಆ ಭರವಸೆ. ನಿಮ್ಮ ಪ್ರಶ್ನೆ ನಿಂತಿರುವುದೇ ಅದರ ಮೇಲೆ, ನನಗೆ ಒಪ್ಪಿಗೆ ಇಲ್ಲದ್ದೂ ಅದೇ. ಬರೆಯುವವರ ಪ್ರಕಾರ ಸ್ಪಾಯ್ಲರ್ ಅಂದರೆ ಯಾರು ಕೊಂದರು, ಯಾರು ಸತ್ತರು ಅನ್ನುವುದು. ಸಸ್ಪೆನ್ಸ್ ಗೇಮ್‌ನಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಆಟ ಸುಮಾರು ಹತ್ತು ಗಂಟೆಯದ್ದು ಅಂತ ಓದಿದಿರಿ ಅಂತಿಟ್ಟುಕೊಳ್ಳಿ. ಮೂರನೇ ಗಂಟೆಯಲ್ಲಿ ನಿಮ್ಮನ್ನು ಮೂಲೆಗೆ ತಳ್ಳಿ ಎಲ್ಲಾ ಮುಗಿಯಿತು ಅಂತ ಆಟ ತೋರಿಸಿದರೂ ನಿಮಗೆ ಹಾಗೆ ಅನ್ನಿಸುವುದಿಲ್ಲ, ಇನ್ನೂ ಏಳು ಗಂಟೆ ಬಾಕಿ ಇದೆ ಅಂತ ಲೆಕ್ಕ ಬರುತ್ತದೆ. ಕೊನೆಯಲ್ಲಿ ಎಲ್ಲ ತಲೆಕೆಳಗಾಗುತ್ತದೆ ಅಂತ ಓದಿದರೆ ಮೊದಲ ನಿಮಿಷದಿಂದಲೇ ಪ್ರತಿ ಪಾತ್ರದ ಮೇಲೂ ಅನುಮಾನ. ಮೊದಲರ್ಧ ನಿಧಾನ ಅಂತ ಓದಿದರೆ ಮೊದಲರ್ಧದಲ್ಲಿ ಏನೂ ಆಗುವುದಿಲ್ಲ ಅನ್ನುವ ಧೈರ್ಯ. ಇವು ಮೂರೂ ಸ್ಪಾಯ್ಲರ್ ಇಲ್ಲದ ರಿವ್ಯೂಗಳಲ್ಲಿ ದಿನಾ ಕಾಣುವ ಸಾಲುಗಳೇ, ಬರೆದವರಿಗೆ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ.

ಕೊನೆ ಗೊತ್ತಿದ್ದರೂ ಕಥೆ ಹಾಳಾಗುವುದಿಲ್ಲ ಅಂತ ಒಂದು ಅಧ್ಯಯನ ಇದೆಯಲ್ಲಾ ಅಂತ ಯಾರಾದರೂ ಹೇಳಬಹುದು. ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದಲ್ಲಿ ಮಾಡಿದ್ದು. ಸಣ್ಣ ಕಥೆಗಳನ್ನು ಓದಿಸಿ ನೋಡಿದಾಗ, ಮೊದಲೇ ಕೊನೆ ಗೊತ್ತಿದ್ದವರು ಅವನ್ನು ಸ್ವಲ್ಪ ಜಾಸ್ತಿಯೇ ಮೆಚ್ಚಿದ್ದರು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಥೆ ಓದುವವರು ಏನನ್ನೂ ಆರಿಸಬೇಕಾಗಿಲ್ಲ, ಪುಟ ತಿರುಗಿಸಿದರೆ ಸಾಕು. ಗೇಮ್‌ನಲ್ಲಿ ಬಾಗಿಲು ತೆಗೆಯುವುದು ನಿಮ್ಮ ಕೈ. ಗೊತ್ತಿದ್ದರೆ ಕೈ ಬೇರೆ ಕೆಲಸ ಮಾಡುತ್ತದೆ, ನನ್ನ ಕೈ ಡ್ರಾಯರ್ ಎಳೆದ ಹಾಗೆ.

2014ರಲ್ಲಿ ಬಂದ ಏಲಿಯನ್: ಐಸೋಲೇಶನ್ ಅನ್ನುವ ಗೇಮ್ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಬೇಕೆಂದಾಗ ಬೇಕೆಂದಲ್ಲಿ ಸೇವ್ ಮಾಡಲು ಆಗುವುದಿಲ್ಲ. ಗೋಡೆಯ ಮೇಲೆ ಅಲ್ಲಲ್ಲಿ ಯಂತ್ರಗಳಿವೆ, ಹೋಗಿ ಕಾರ್ಡ್ ತೂರಿಸಿ ನಿಲ್ಲಬೇಕು. ಮೂರು ದೀಪ ಒಂದೊಂದಾಗಿ ಹತ್ತುತ್ತವೆ. ಆ ಹೊತ್ತಲ್ಲಿ ಆಟ ನಿಂತಿರುವುದಿಲ್ಲ, ನಿಮ್ಮನ್ನು ಬೇಟೆಯಾಡುವ ಏಲಿಯನ್ ಪ್ರಾಣಿ ಹಿಂದಿನಿಂದ ಬಂದು ಕೊಲ್ಲಬಹುದು. ಅದು ಇದೇ ದಾರಿಯಲ್ಲಿ ಬರುತ್ತದೆ ಅಂತಲೂ ಇಲ್ಲ, ಸದ್ದು ಕೇಳಿ, ಕಣ್ಣಿಗೆ ಕಂಡದ್ದನ್ನು ಹಿಡಿದು ತಾನೇ ಹುಡುಕುತ್ತಾ ಬರುತ್ತದೆ. ಎರಡು ದೀಪ ಹತ್ತಿ ಮೂರನೆಯದು ಬಾಕಿ ಇರುವಾಗ ಕಾರಿಡಾರಿನಲ್ಲಿ ಧಪ್ ಅಂತ ಕೇಳುತ್ತದಲ್ಲಾ, ಕಾರ್ಡ್ ಬಿಟ್ಟು ಓಡೋದಾ, ಇನ್ನೊಂದು ಕ್ಷಣ ನಿಲ್ಲೋದಾ? ಆ ಒಂದು ಪ್ರಶ್ನೆಗೆ ಪ್ರಾಣ ಇರುವುದು ಮುಂದೇನು ಅಂತ ಗೊತ್ತಿಲ್ಲದ ತನಕ ಮಾತ್ರ.

ಸ್ಕೋರ್ ಬಗ್ಗೆಯೂ ಹೇಳಿಬಿಡುತ್ತೇನೆ. ಇದೇ ಗೇಮ್‌ಗೆ ಒಂದು ದೊಡ್ಡ ಸೈಟ್ 10ಕ್ಕೆ 5.9 ಕೊಟ್ಟಿತ್ತು, ಒಂದು ಹೆಸರಾಂತ ಪಿಸಿ ಗೇಮಿಂಗ್ ಪತ್ರಿಕೆ 100ಕ್ಕೆ 93 ಕೊಟ್ಟಿತ್ತು. ಎರಡರಲ್ಲಿ ಯಾವುದನ್ನು ಓದಿ ಶುರು ಮಾಡಿದಿರಿ ಅನ್ನುವುದರ ಮೇಲೆ ನೀವು ಬೇರೆ ಬೇರೆ ಗೇಮ್ ಆಡುತ್ತೀರಿ. ರಿವ್ಯೂ ಬರೆಯುವವರು ಎಷ್ಟೋ ಸಲ ಬಿಡುಗಡೆಗೆ ಮೊದಲು ಆಡಿ ಮುಗಿಸಿ ಬರೆದುಕೊಡಬೇಕು. ಅವರಿಗೆ ಉದ್ದ ಅನ್ನಿಸಿದ್ದು ರಾತ್ರಿ ಒಂದೊಂದೇ ಗಂಟೆ ಆಡುವ ನಿಮಗೆ ಉದ್ದ ಅನ್ನಿಸಲೇಬೇಕು ಅಂತಿಲ್ಲ.

ಏನೂ ಗೊತ್ತಿಲ್ಲದೆ ಆಡುವುದು ಎಂಥದ್ದು ಅಂತ ನೋಡಬೇಕಾದರೆ ಪಿ.ಟಿ. ಅನ್ನುವ ಭಯದ ಗೇಮ್ ನೆನಪಿಸಿಕೊಳ್ಳಿ. 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಶನ್ 4ಕ್ಕೆ ಉಚಿತವಾಗಿ ಬಂತು. ಮಾಡಿದವರ ಹೆಸರು ಅಂತ ಹಾಕಿದ್ದು ನಿಜವಾಗಿ ಇಲ್ಲವೇ ಇಲ್ಲದ ಒಂದು ಸ್ಟುಡಿಯೋದ್ದು. ಒಂದೇ ಮನೆ, ಒಂದೇ ಕಾರಿಡಾರ್, ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಕಾರಿಡಾರ್. ಬಂದ ದಿನ ಆಡಿದವರ ಕೈಯಲ್ಲಿ ಒಂದೇ ಒಂದು ರಿವ್ಯೂ ಇರಲಿಲ್ಲ, ಅದು ಸೈಲೆಂಟ್ ಹಿಲ್ ಅನ್ನುವ ಹೆಸರಾಂತ ಭಯದ ಗೇಮ್ ಸರಣಿಯ ಹೊಸ ಗೇಮ್‌ನ ಮುನ್ನೋಟ ಅಂತ ಆಡಿ ಮುಗಿಸಿದವರಿಗೇ ಗೊತ್ತಾಗಿದ್ದು. ಮರುವರ್ಷ ಅದನ್ನು ಸ್ಟೋರ್‌ನಿಂದ ತೆಗೆದರು. ಹೊಸದಾಗಿ ಡೌನ್‌ಲೋಡ್ ಮಾಡಲು ಆಗದಿದ್ದರೂ ಜನ ಅದರ ಬಗ್ಗೆ ಇನ್ನೂ ಮಾತಾಡುತ್ತಾರೆ.

ಆದರೂ ಕೆಲವು ಸಂಗತಿ ಮೊದಲೇ ತಿಳಿದಿರಬೇಕು, ಅದು ನಿಜ. ಅದಕ್ಕೆ ರಿವ್ಯೂ ಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದಾ ಅಂತ ಸ್ಟೋರ್ ಪುಟದಲ್ಲೇ ಇದೆ. ರಕ್ತ, ಹಿಂಸೆ, ಭಯ ಯಾವ ಮಟ್ಟದ್ದು ಅಂತ ಇಎಸ್‌ಆರ್‌ಬಿ ಅಥವಾ ಪೆಗಿ ಅನ್ನುವ ಸಂಸ್ಥೆಗಳು ಯಾವ ವಯಸ್ಸಿನವರಿಗೆ ಸರಿ ಅಂತ ಕೊಡುವ ರೇಟಿಂಗ್ ಜೊತೆ ಇರುತ್ತದೆ, ಹೆಚ್ಚಾಗಿ ಕಥೆ ಬಿಟ್ಟುಕೊಡದೆ ಹೇಳುತ್ತಾರೆ. ನಿಮ್ಮನ್ನು ನಿಜವಾಗಿ ಕಾಡುವ ವಿಷಯ ಏನಾದರೂ ಇದ್ದರೆ, ಅದೇ ಗೇಮ್ ಆಡಿದ ಸ್ನೇಹಿತರಿಗೆ ಅದೊಂದನ್ನೇ ಕೇಳಿ, ಹೌದು ಅಥವಾ ಇಲ್ಲ ಅಂತಷ್ಟೇ ಉತ್ತರ ತೆಗೆದುಕೊಳ್ಳಿ. ತಲೆ ಸುತ್ತುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅಲುಗಾಟ ಕಮ್ಮಿ ಮಾಡೋಕೆ ಆಗುತ್ತದಾ ನೋಡಿ. ದುಡ್ಡಿನ ಚಿಂತೆ ಇದ್ದರೆ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ವಾಪಸ್ ಕೇಳಬಹುದು. ಮೊದಲ ಒಂದು ಗಂಟೆ ನೀವೇ ಆಡಿದರೆ ಯಾವ ರಿವ್ಯೂಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಭಯ ತಡೆಯಲು ಆಗುವುದಿಲ್ಲ ಅನ್ನುವವರಿಗೂ ದಾರಿ ಇದೆ. 2015ರ ಸೋಮಾ ಅನ್ನುವ ಗೇಮ್‌ಗೆ 2017ರಲ್ಲಿ ಸೇಫ್ ಮೋಡ್ ಸೇರಿಸಿದರು, ಅದರಲ್ಲಿ ಭಯ ಹುಟ್ಟಿಸುವ ಜೀವಿಗಳು ನಿಮ್ಮನ್ನು ಕೊಲ್ಲುವುದಿಲ್ಲ. ನಿಮ್ಮ ಗೇಮ್‌ನಲ್ಲೂ ಅಂಥದ್ದು ಇದೆಯಾ ಅಂತ ಮೆನುವಿನಲ್ಲೇ ನೋಡಿಕೊಳ್ಳಿ.

ರಿವ್ಯೂ ಬಿಟ್ಟರೂ ಬೇರೆ ಕಡೆಯಿಂದ ಬರುತ್ತದೆ, ಹುಷಾರಾಗಿರಿ. ಗೇಮ್ ಹೆಸರನ್ನು ಯೂಟ್ಯೂಬ್‌ನಲ್ಲಿ ಒಂದು ಸಲ ಹುಡುಕಿದರೆ ಸಾಕು, ಮಾರನೇ ದಿನ ಕ್ಲೈಮ್ಯಾಕ್ಸ್‌ನ ಚಿತ್ರವೇ ಥಂಬ್‌ನೇಲ್ ಆಗಿ ಮುಂದೆ ಕೂತಿರಬಹುದು. ಆಟದಲ್ಲಿ ಏನೇನು ಮಾಡಿದರೆ ಬಿರುದು ಸಿಗುತ್ತದೆ ಅಂತ ತೋರಿಸುವ ಅಚೀವ್‌ಮೆಂಟ್ ಪಟ್ಟಿಯನ್ನೂ ತೆರೆಯಬೇಡಿ, ಕೆಲವರು ಅಧ್ಯಾಯದ ಹೆಸರು, ಪಾತ್ರದ ಹೆಸರು ಎಲ್ಲವನ್ನೂ ಅಲ್ಲೇ ಹಾಕಿರುತ್ತಾರೆ. ಮಧ್ಯದಲ್ಲಿ ದಾರಿ ಸಿಗದೆ ನಿಂತರೆ ಅವತ್ತಿಗೆ ಮುಚ್ಚಿಟ್ಟು ಎದ್ದುಬಿಡಿ. 2019ರ ಔಟರ್ ವೈಲ್ಡ್ಸ್ ಥರದ ಗೇಮ್ ಆದರಂತೂ ಇದು ಇನ್ನೂ ಮುಖ್ಯ. ಅದರಲ್ಲಿ ಆಯುಧ ಇಲ್ಲ, ಲೆವೆಲ್ ಏರುವುದಿಲ್ಲ, ಮುಂದೆ ಹೋಗೋಕೆ ಬೇಕಾಗಿರುವುದು ನೀವು ಕಂಡುಕೊಂಡ ವಿಷಯ ಮಾತ್ರ. ಅದನ್ನು ಬೇರೆಯವರಿಂದ ತಿಳಿದುಕೊಂಡರೆ ಆಡೋಕೆ ಏನೂ ಉಳಿಯುವುದಿಲ್ಲ.

ಹಾಗಾದರೆ ರಿವ್ಯೂ ಯಾವಾಗ ಓದಬೇಕು? ಮುಗಿಸಿದ ಮೇಲೆ. ನನಗೆ ಅದು ತುಂಬಾ ಇಷ್ಟದ ಕೆಲಸ. ಆಗ ನಿಮಗೂ ಒಂದು ಅಭಿಪ್ರಾಯ ಇರುತ್ತದೆ, ಬರೆದವರ ಜೊತೆ ಮನಸ್ಸಲ್ಲೇ ಜಗಳ ಆಡಬಹುದು, ನೀವು ನೋಡದೆ ಬಿಟ್ಟ ಕೋಣೆ ಯಾವುದು ಅಂತ ಗೊತ್ತಾಗುತ್ತದೆ.

ಈಗ ಇಷ್ಟು ಮಾಡಿ. ಈ ಪುಟ ಮುಚ್ಚಿ, ಹೆಡ್‌ಫೋನ್ ಹಾಕಿಕೊಳ್ಳಿ, ಬ್ರೈಟ್‌ನೆಸ್ ಅನ್ನು ಗೇಮ್ ಹೇಳಿದಷ್ಟಕ್ಕೇ ಇಡಿ, ಕಾಣಲಿ ಅಂತ ಜಾಸ್ತಿ ಮಾಡಬೇಡಿ. ಮುಗಿಸಿದ ಮೇಲೆ ಯಾವ ಗೇಮ್ ಅಂತ ನನಗೂ ಬರೆಯಿರಿ. ಚೆನ್ನಾಗಿತ್ತಾ ಇಲ್ಲವಾ ಅಂತ ಮಾತ್ರ ಹೇಳಿ, ನಾನು ಆಡಿರದಿದ್ದರೆ ಅಷ್ಟೇ ಸಾಕು.