ಅಟ್ಟಿಸಿಕೊಂಡು ಹೋಗಬೇಡಿ, ಮೇಡಂ

ದಾವಣಗೆರೆ ಕಡೆಯ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರ: “ನಮ್ಮ ಎಂಟನೇ ಕ್ಲಾಸಿನ ಹುಡುಗ ಶಾಲೆಯ ಹಿಂದೆ ಕರ್ಚೀಫು ಹಿಡಿದು ಏನೋ ಮೂಸುತ್ತಿದ್ದ. ಪಿ.ಟಿ. ಮೇಷ್ಟ್ರು ಕೂಗುತ್ತಾ ಅಟ್ಟಿಸಿಕೊಂಡು ಹೋಗಿ ಹಿಡಿದರು. ಜೇಬಲ್ಲಿ ಪಂಕ್ಚರ್ ಸೊಲ್ಯೂಷನ್ ಟ್ಯೂಬ್! ಒಳ್ಳೆ ಮನೆತನದ ಹುಡುಗ. ಇದು ಬೀದಿ ಮಕ್ಕಳ ಚಟ ಅಲ್ವಾ? ಟಿ.ಸಿ. ಕೊಟ್ಟು ಕಳಿಸೋಣ ಅನ್ನುತ್ತಿದ್ದಾರೆ. ನೀವು ಈ ಬಗ್ಗೆ ಯಾಕೆ ಬರೆಯುವುದಿಲ್ಲ?”

ಸಂಪಾದಕರ ಉತ್ತರ:

ಮೇಡಂ, ನನ್ನ ಎದೆ ಧಸಕ್ಕೆಂದದ್ದು ಟ್ಯೂಬಿನ ಮಾತಿಗಲ್ಲ, ಮೇಷ್ಟ್ರು ಅಟ್ಟಿಸಿಕೊಂಡು ಹೋದರು ಎಂಬ ಮಾತಿಗೆ. ಅವರ ಕಾಳಜಿ ದೊಡ್ಡದೇ. ಆದರೆ ನಶೆಗೆಂದು ಮೂಸುವ ಈ ಅಂಟಿನ ಆವಿ ಒಳಗೆ ಹೋದಾಗ ಹೃದಯ ಅಡ್ರಿನಲಿನ್‌ಗೆ ಬೆಚ್ಚಿಬೀಳುವ ಸ್ಥಿತಿಯಲ್ಲಿರುತ್ತದೆ. ಹೆದರಿದರೆ, ಓಡಿದರೆ ಮೈಯಲ್ಲಿ ಉಕ್ಕುವುದು ಅದೇ ಅಡ್ರಿನಲಿನ್. ಬಡಿತ ತಾಳ ತಪ್ಪಿ ಹೃದಯ ಅಲ್ಲೇ ನಿಂತುಬಿಡಬಹುದು. ಇದಕ್ಕೆ ಹಳೇ ಚಟವೇ ಆಗಬೇಕೆಂದಿಲ್ಲ, ಮೊದಲ ಸಲ ಮೂಸಿದವನಿಗೂ ಆಗಬಹುದು. ಅಮೆರಿಕದ ಮಿಲ್ಲರ್ಡ್ ಬಾಸ್ ಎಂಬ ವೈದ್ಯರು ಹೀಗೆ ಹಠಾತ್ತನೆ ಸತ್ತ 110 ಎಳೆಯರ ಬಗ್ಗೆ 1970ರಲ್ಲೇ ಬರೆದಿದ್ದರು.

ಇನ್ನೊಮ್ಮೆ ಇಂಥದ್ದು ಕಂಡರೆ ಕೂಗಬೇಡಿ. ಸುಮ್ನೆ ಹತ್ತಿರ ಹೋಗಿ, ಕೈಲಿರುವುದನ್ನು ಮೆಲ್ಲಗೆ ಬಿಡಿಸಿ, ಗಾಳಿ ಆಡುವ ಕಡೆ ಕೂರಿಸಿ. ತೊದಲುತ್ತಿದ್ದರೆ ಜೊತೆಯಲ್ಲೇ ಇರಿ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ವಾಂತಿ ಉಸಿರಿಗೆ ಸಿಕ್ಕಿಯೂ ಜೀವ ಹೋಗುತ್ತದೆ. ಬೈಯುವುದೇನಿದ್ದರೂ ನಾಳೆಗಿರಲಿ.

ಬೀದಿ ಮಕ್ಕಳ ಚಟ ಅಂತ ನಾನೂ ನಂಬಿದ್ದೆ. ವರ್ಷಗಳ ಹಿಂದೆ ಮೆಜೆಸ್ಟಿಕ್‌ನಲ್ಲಿ ಒಬ್ಬ ಹುಡುಗ ಅಂಗಿಯ ತೋಳನ್ನು ಮುಷ್ಟಿಯ ಮೇಲೆಳೆದು ಮೂಗಿಗೆ ಒತ್ತಿಕೊಂಡು ಕೂತಿದ್ದ. ಬನ್ನು ಕೊಡಿಸಹೋದೆ. “ಹಸಿವಿಲ್ಲ ಅಣ್ಣ, ಇದಿದ್ರೆ ಚಳೀನೂ ಆಗಲ್ಲ” ಅಂದ. ಮೂಗಿನ ಸುತ್ತ ಚರ್ಮ ಕೆಂಪಾಗಿ ಸುಲಿದಿತ್ತು. ನಿಮ್ಮ ಹುಡುಗನಿಗೆ ಹಸಿವೂ ಇಲ್ಲ, ಚಳಿಯೂ ಇಲ್ಲ. ಆದರೂ ಅವನ ಜೇಬಲ್ಲಿ ಅದೇ ಟ್ಯೂಬ್. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಶೆ ಪದಾರ್ಥಗಳ ಸಮೀಕ್ಷೆ ನೋಡಿ: 10ರಿಂದ 17 ವರ್ಷದವರಲ್ಲಿ ಶೇ 1.17 ಮಂದಿ ಹೀಗೆ ಮೂಸುತ್ತಾರೆ, ದೊಡ್ಡವರಲ್ಲಿ ಶೇ 0.58. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರುವ ನಶೆ ಆ ಪಟ್ಟಿಯಲ್ಲಿ ಇದೊಂದೇ.

ಇಂಥ ಅಂಟಿನಲ್ಲಿ, ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಟಾಲ್ಯೂಯಿನ್. ಜಿಡ್ಡು, ಬಣ್ಣ ಕರಗಿಸುವುದೇ ಅದರ ಕೆಲಸ. ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ಹಾಗೇ ನಮ್ಮ ನರಗಳ ಮೇಲೊಂದು ಕೊಬ್ಬಿನ ಹೊದಿಕೆ ಇದೆ. ತಿಂಗಳುಗಟ್ಟಲೆ ಮೂಸಿದರೆ ಆ ಹೊದಿಕೆಯೇ ಹಾಳಾಗುತ್ತಾ ಬರುತ್ತದೆ. ನಡಿಗೆ ತೂರಾಡುತ್ತದೆ, ನಿನ್ನೆ ಓದಿದ್ದು ಇಂದು ನೆನಪಿರುವುದಿಲ್ಲ. ಮೇಷ್ಟ್ರುಗಳು ಅದನ್ನು ಸೋಮಾರಿತನ ಅನ್ನುತ್ತಾರೆ.

ಟಿ.ಸಿ. ಮಾತ್ರ ಬೇಡ. ಶಾಲೆ ಬಿಟ್ಟವನಿಗೆ ಉಳಿಯುವುದು ಆ ಟ್ಯೂಬು, ಅದನ್ನು ಕೊಟ್ಟ ಗೆಳೆಯರು, ಅಷ್ಟೇ. ಅಪ್ಪ-ಅಮ್ಮನನ್ನು ಕರೆಸಿ, ಆದರೆ ಇಡೀ ಸ್ಟಾಫ್ ರೂಮಿನ ಮುಂದೆ ಬೇಡ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲಿ. ಬೆಂಗಳೂರಿಗೆ ಬರುವಂತಿದ್ದರೆ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸಲೆಂದೇ ಒಂದು ವಿಭಾಗವಿದೆ. 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಒಂದು ಮಾತ್ರೆಗೆ ಬಿಟ್ಟುಹೋಗುವ ಚಟ ಇದಲ್ಲ. ಮಾತು, ಜೊತೆ, ಸಮಯ ಎಲ್ಲ ಬೇಕು.

ಯಾಕೆ ಬರೆಯುವುದಿಲ್ಲ ಅಂದಿರಿ. ಅಳುಕಿತ್ತು, ಒಪ್ಪುತ್ತೇನೆ. ಗೊತ್ತಿಲ್ಲದ ಮಗುವಿಗೆ ನಾವೇ ಹೇಳಿಕೊಟ್ಟಂತೆ ಆಗುತ್ತೇನೋ ಅಂತ. ಅದಕ್ಕೇ ಇಲ್ಲೂ ಹೇಗೆ ಮೂಸುತ್ತಾರೆ ಎಂಬ ವಿವರಕ್ಕೆ ಹೆಚ್ಚು ಹೋಗಿಲ್ಲ. ಬರಹದ ತಪ್ಪು ಅಳಿಸುವ ವೈಟ್ನರನ್ನೂ ಹೀಗೇ ಮೂಸುತ್ತಾರೆ ಅಂತ 2012ರಲ್ಲಿ ಅದರ ಬಾಟಲಿ ನಿಷೇಧವಾಯಿತು, ಪೆನ್ನಿನ ರೂಪದ್ದು ಉಳಿಯಿತು. ಪಂಕ್ಚರ್ ಸೊಲ್ಯೂಷನ್ ನಿಷೇಧಿಸಲು ಆಗುತ್ತದಾ? ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಮಕ್ಕಳಿಗೆ ಅದನ್ನು ಮಾರುವುದಿಲ್ಲ. “ಸೈಕಲ್ ತಗೊಂಬಾ, ನಾನೇ ಹಚ್ಚಿಕೊಡ್ತೀನಿ” ಅನ್ನುತ್ತಾರೆ. ನಿಮ್ಮ ಶಾಲೆಯ ಹತ್ತಿರದ ಅಂಗಡಿಗೂ ಒಮ್ಮೆ ಹೋಗಿಬನ್ನಿ. ಪಿ.ಟಿ. ಮೇಷ್ಟ್ರನ್ನೇ ಜೊತೆಗೆ ಕರಕೊಂಡು ಹೋಗಿ, ಈ ಪುಟವನ್ನೂ ಅವರಿಗೆ ತೋರಿಸಿ. ಬೇಜಾರು ಮಾಡಿಕೊಳ್ಳಬೇಡಿ ಅಂದೆ ಅಂತ ಹೇಳಿ.