ದಕ್ಕೆಯಿಲ್ಲದ ಹಿನ್ನೀರಿನಲ್ಲಿ ರಾತ್ರಿ ದೋಣಿ ಕಟ್ಟುವ ಬಗೆ

ಪ್ರಶ್ನೆ: ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿದೆ. ಆಚೆ ದಡದ ತೋಟಕ್ಕೆ ಹೋಗಿಬರಲು 14 ಅಡಿ ಉದ್ದದ ಫೈಬರ್ ದೋಣಿಯೊಂದನ್ನು ಕೊಂಡು, ಅದಕ್ಕೆ ಸಣ್ಣ ಔಟ್‌ಬೋರ್ಡ್ ಎಂಜಿನ್ ಕೂರಿಸಿದ್ದೇವೆ. ಇಲ್ಲಿ ದಕ್ಕೆಯೂ ಇಲ್ಲ, ಕಟ್ಟೆಯೂ ಇಲ್ಲ. ದಡದಲ್ಲಿ ಗೂಟ ಹೊಡೆದು ಕಟ್ಟುತ್ತಿದ್ದೇವೆ. ಮಳೆಗಾಲದಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ಗೂಟವೇ ನೀರಿನೊಳಗಿರುತ್ತದೆ. ಬೇಸಿಗೆಯಲ್ಲಿ ದೋಣಿ ಕೆಸರಿನ ಮೇಲೆ ವಾಲಿರುತ್ತದೆ. ಭಾರವಾದ ಕಲ್ಲೊಂದಕ್ಕೆ ಹಗ್ಗ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ರಾತ್ರಿಯಿಡೀ ದೋಣಿ ನಿಲ್ಲುತ್ತದೆಯೇ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಕಲ್ಲೊಂದನ್ನೇ ನಂಬಿ ದೋಣಿಯನ್ನು ರಾತ್ರಿ ಬಿಟ್ಟುಬರಬೇಡಿ. ಕಲ್ಲು ನೀರಿಗಿಳಿದ ಕೂಡಲೇ ಹಗುರಾಗುತ್ತದೆ. 40 ಕಿಲೋ ತೂಗುವ ಕಪ್ಪುಕಲ್ಲು ನೀರಿನೊಳಗೆ ಸುಮಾರು 25 ಕಿಲೋದಷ್ಟೇ ಭಾರವಾಗಿರುತ್ತದೆ. ಅಷ್ಟೇ ತೂಕದ ಕಾಂಕ್ರೀಟ್ ದಿಮ್ಮಿ ಇನ್ನೂ ತುಸು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಕಲ್ಲು ನೆಲವನ್ನು ಹಿಡಿಯುವುದಿಲ್ಲ, ನೆಲದ ಮೇಲೆ ಕುಳಿತಿರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುವುದರಿಂದ, ಸಂಜೆಯ ತಂಗಾಳಿಯಲ್ಲಿ ಅಲುಗದೆ ನಿಂತ ಕಲ್ಲು ನಡುರಾತ್ರಿಯ ಬಿರುಗಾಳಿಯಲ್ಲಿ ನುಣುಪಾದ ಕೆಸರಿನ ಮೇಲೆ ಜಾರಿಕೊಂಡು ದೋಣಿಯ ಹಿಂದೆಯೇ ಹೋಗುತ್ತದೆ.

ತಮ್ಮ ಗೂಟ ಒಮ್ಮೆ ಮುಳುಗುವುದಕ್ಕೂ ಇನ್ನೊಮ್ಮೆ ದೋಣಿ ಒಣನೆಲದಲ್ಲಿ ಸಿಲುಕುವುದಕ್ಕೂ ಕಾರಣ ಒಂದೇ. ಜಲಾಶಯದ ದಡ ಒಂದೆಡೆ ನಿಲ್ಲುವಂಥದ್ದಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಆ ಮಟ್ಟ ಎಷ್ಟು ಕುಸಿಯುತ್ತದೆಂದರೆ, 1948ರಲ್ಲಿ ಬಳಕೆಗೆ ಬಂದು 1964ರಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿಹೋದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಮತ್ತೆ ಮೇಲೆದ್ದು ಕಾಣುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜೋರು ಮಳೆ ಹಿಡಿದರೆ ಒಂದೇ ದಿನದಲ್ಲಿ ನೀರು ಒಂದಡಿಗೂ ಹೆಚ್ಚು ಏರುವುದುಂಟು. ದಡ ಇಳಿಜಾರಾಗಿದ್ದು, 50 ಅಡಿ ನಡೆದರೆ ಒಂದಡಿ ಏರುವಂತಿದ್ದರೆ, ನೀರಿನ ಮಟ್ಟದಲ್ಲಿ ಒಂದಡಿಯ ವ್ಯತ್ಯಾಸವೆಂದರೆ ದಡದಲ್ಲಿ 50 ಅಡಿಯ ವ್ಯತ್ಯಾಸ. ಆದ್ದರಿಂದ ರಾತ್ರಿ ದೋಣಿ ಕಟ್ಟುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಬೆಳಗಾಗುವಷ್ಟರಲ್ಲಿ ದಡ ಎಲ್ಲಿರುತ್ತದೆ ಎಂಬುದನ್ನು. ಹಗ್ಗ ಎಷ್ಟು ಗಟ್ಟಿ ಎಂಬ ವಿಚಾರ ಆಮೇಲಿನದು.

ದೋಣಿಯನ್ನು ನೀರಿನಲ್ಲೇ ಇಡಬೇಕೆಂದಿದ್ದರೆ ನೆಲವನ್ನು ಹಿಡಿಯುವ ಲಂಗರು ಬೇಕು. ಹಿನ್ನೀರಿನ ತಳದಲ್ಲಿ ಕೆಸರೂ ಜೇಡಿಮಣ್ಣೂ ಇರುವ ಕಡೆ, ಎರಡು ಅಗಲವಾದ ಚಪ್ಪಟೆ ಅಲಗುಗಳು ಮಡಚಿಕೊಳ್ಳುವಂತಿರುವ ಡ್ಯಾನ್‌ಫೋರ್ತ್ ಮಾದರಿಯ ಲಂಗರು ಚೆನ್ನಾಗಿ ಹೂತುಕೊಳ್ಳುತ್ತದೆ. ತಮ್ಮ ಅಳತೆಯ ದೋಣಿಗೆ ನಾಲ್ಕೈದು ಕಿಲೋದ್ದು ಸಾಕು. ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ, ನಾಲ್ಕು ಕೊಕ್ಕೆಗಳ ಮಡಚುವ ಲಂಗರು ಬಂಡೆಯ ಸಂದಿಗೂ ಮರದ ಬೇರಿಗೂ ಸರಿ, ಬರಿ ಕೆಸರಿನಲ್ಲಿ ಅದು ಉಳುತ್ತಾ ಸಾಗುತ್ತದೆ. ಕೊಡೆಯಂತೆ ಕಾಣುವ ಅಣಬೆ ಲಂಗರು ತಿಂಗಳುಗಟ್ಟಲೆ ಒಂದೇ ಕಡೆ ಇದ್ದು ಹೂಳಿನಲ್ಲಿ ಮುಳುಗಿದ ಮೇಲೆ ಹಿಡಿತ ಪಡೆಯುವಂಥದ್ದು. ದಿನವೂ ಎತ್ತಿ ಇಳಿಸುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಲಂಗರು ಎಷ್ಟೇ ಒಳ್ಳೆಯದಾಗಿದ್ದರೂ ಹಗ್ಗ ಗಿಡ್ಡವಾದರೆ ಕೆಲಸ ಕೆಟ್ಟಿತು. ನಮ್ಮ ಕಡೆ ಹೆಚ್ಚಿನವರು ತಪ್ಪುವುದು ಇಲ್ಲಿಯೇ ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ಅಲಗು ಮಣ್ಣಿನಲ್ಲಿ ಹೂತುಕೊಳ್ಳಬೇಕಾದರೆ ಎಳೆತವು ನೆಲಕ್ಕೆ ಸಮನಾಗಿ, ಅಡ್ಡಲಾಗಿ ಬರಬೇಕು. ಮೇಲ್ಮುಖವಾಗಿ ಬಂದರೆ ಅದೇ ಎಳೆತ ಲಂಗರನ್ನು ಕಿತ್ತುಬಿಡುತ್ತದೆ. ನೀರಿನ ಆಳಕ್ಕೆ, ನೀರಿನಿಂದ ದೋಣಿಯ ಮೂತಿಯವರೆಗಿನ ಎತ್ತರವನ್ನೂ ಕೂಡಿಸಿ, ಆ ಮೊತ್ತದ ಏಳು ಪಟ್ಟು ಹಗ್ಗ ಬಿಡುವುದು ರಾತ್ರಿ ನಿಲುಗಡೆಗೆ ಒಪ್ಪಿತವಾದ ಲೆಕ್ಕ. ಮೂರು ಪಟ್ಟು ಬಿಟ್ಟರೆ ಬಿಗಿದ ಹಗ್ಗ ನೆಲದೊಂದಿಗೆ 19 ಡಿಗ್ರಿಗೂ ಹೆಚ್ಚಿನ ಕೋನ ಮಾಡುತ್ತದೆ, ಏಳು ಪಟ್ಟು ಬಿಟ್ಟರೆ 8 ಡಿಗ್ರಿಗೆ ಇಳಿಯುತ್ತದೆ. ಹತ್ತಡಿ ಆಳದಲ್ಲಿ, ಒಂದೂವರೆ ಅಡಿ ಎತ್ತರದ ಮೂತಿಯಿರುವ ದೋಣಿಗೆ 80 ಅಡಿ ಹಗ್ಗ ಬಿಟ್ಟಿದ್ದೀರೆಂದು ಇಟ್ಟುಕೊಳ್ಳೋಣ. ರಾತ್ರಿ ನೀರು ಎರಡಡಿ ಏರಿದರೆ ಏಳು ಪಟ್ಟಿದ್ದದ್ದು ಆರು ಪಟ್ಟಿಗೆ ಇಳಿಯುತ್ತದೆ, ಆದರೂ ಹಿಡಿತ ಉಳಿಯುತ್ತದೆ. ಮೊದಲೇ ಮೂರು ಪಟ್ಟಿನಲ್ಲಿ ನಿಲ್ಲಿಸಿದವರಿಗೆ ಆ ಅವಕಾಶವಿಲ್ಲ. ಲಂಗರಿಗೂ ಹಗ್ಗಕ್ಕೂ ನಡುವೆ ಆರೇಳು ಅಡಿ ಸರಪಳಿ ಸೇರಿಸಿದರೆ ಅದರ ತೂಕದಿಂದ ಎಳೆತ ನೆಲಕ್ಕೆ ಒತ್ತಿಕೊಂಡಿರುತ್ತದೆ, ತಳದ ಕಲ್ಲುಬೇರುಗಳಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ಪುತ್ತದೆ.

ಲಂಗರು ಹಗ್ಗಕ್ಕೆ ನೈಲಾನ್ ಆಗಬೇಕು. ಅದು ಹಿಗ್ಗುತ್ತದೆ, ಅಲೆಯ ಪೆಟ್ಟನ್ನು ನುಂಗಿಕೊಳ್ಳುತ್ತದೆ, ನೀರಿನಲ್ಲಿ ಮುಳುಗಿರುತ್ತದೆ. ಸಂತೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಹಗ್ಗ, ಎಂದರೆ ಪಾಲಿಪ್ರೊಪಿಲೀನ್, ನೀರಿನ ಮೇಲೆ ತೇಲುವುದರಿಂದ ಕತ್ತಲಲ್ಲಿ ಬರುವ ಇನ್ನೊಂದು ದೋಣಿಯ ಎಂಜಿನ್ನಿಗೆ ಸುತ್ತಿಕೊಳ್ಳಬಲ್ಲದು. ಬಿಸಿಲಿಗೆ ಎಳೆ ಎಳೆಯಾಗಿ ಪುಡಿಯಾಗುವುದೂ ಉಂಟು. ಹಗ್ಗ ದೋಣಿಯ ಅಂಚನ್ನು ದಾಟುವ ಜಾಗದಲ್ಲಿ ಹಳೆಯ ರಬ್ಬರ್ ಪೈಪಿನ ತುಂಡೊಂದನ್ನು ತೊಡಿಸಿ, ಅದು ಜಾರದಂತೆ ಕಟ್ಟಿ.

ಹಗ್ಗವನ್ನು ಯಾವಾಗಲೂ ದೋಣಿಯ ಮೂತಿಗೇ ಕಟ್ಟಬೇಕು. ಕೈಗೆ ಹತ್ತಿರವೆಂದು ಹಿಂಭಾಗಕ್ಕೆ, ಎಂಜಿನ್ ಪಕ್ಕದ ಬಳೆಗೆ ಕಟ್ಟಿದರೆ, ಗಾಳಿ ಬಂದಾಗ ಎಂಜಿನ್ನಿನ ಭಾರದಿಂದ ಮೊದಲೇ ತಗ್ಗಿರುವ ಹಿಂಬದಿಯನ್ನು ದೋಣಿ ಅಲೆಗೆ ಒಡ್ಡುತ್ತದೆ. ನಾಲ್ಕು ಅಲೆ ಒಳನುಗ್ಗಿದರೆ ದೋಣಿ ಮುಳುಗುವುದು ಖಚಿತ.

80 ಅಡಿ ಹಗ್ಗದ ತುದಿಯಲ್ಲಿರುವ ದೋಣಿ ಗಾಳಿ ತಿರುಗಿದಂತೆಲ್ಲ ಲಂಗರಿನ ಸುತ್ತ ತಿರುಗುತ್ತದೆ. ದೋಣಿಯ ಉದ್ದವೂ ಸೇರಿ ಎಲ್ಲ ದಿಕ್ಕಿಗೂ ಹತ್ತಿರ ಹತ್ತಿರ 95 ಅಡಿ ಬಯಲು ನೀರು ಬೇಕಾಗುತ್ತದೆ. ಹಿನ್ನೀರಿನ ಇಕ್ಕಟ್ಟಾದ ಕೋಡಿಗಳಲ್ಲಿ ಅಷ್ಟು ಜಾಗವಿರುವುದಿಲ್ಲ, ಇದ್ದರೂ ಬೆಳಿಗ್ಗೆ ದೋಣಿಯವರೆಗೆ ಈಜಿಕೊಂಡು ಹೋಗುವಂತಾಗುತ್ತದೆ. ಇದಕ್ಕೆ ಒಳ್ಳೆಯ ಉಪಾಯವೊಂದಿದೆ. ದಡದಿಂದ ದೂರ ಲಂಗರು ಇಳಿಸಿ, ಅದರ ಹಗ್ಗದ ಮೇಲ್ತುದಿಯನ್ನು ಗಾಳಿ ತುಂಬಿದ, ಬಿರಡೆ ಬಿಗಿದ ಪ್ಲಾಸ್ಟಿಕ್ ಡ್ರಮ್ಮಿಗೆ ಕಟ್ಟಿ, ಅದರ ಬಳಿಯೇ ಆ ಹಗ್ಗದ ತುದಿಗೆ ಒಂದು ರಾಟೆ ಸಿಕ್ಕಿಸಿ. ಇನ್ನೊಂದು ಉದ್ದನೆಯ ಹಗ್ಗವನ್ನು ಆ ರಾಟೆಯ ಮೂಲಕ ಹಾಯಿಸಿ ದಡಕ್ಕೆ ತಂದು, ಎರಡು ತುದಿಗಳನ್ನೂ ಸೇರಿಸಿ, ಬಾವಿಯ ಹಗ್ಗದಂತೆ ಸುತ್ತುವ ಒಂದೇ ಬಳಸಾಗಿ ಮಾಡಿ. ದಡದ ಬದಿಯಲ್ಲಿ ಅದು ಪೂರ್ಣ ಮಟ್ಟದ ಗೆರೆಗಿಂತ ಮೇಲಿರುವ ಗಟ್ಟಿ ಗೂಟದ ಇನ್ನೊಂದು ರಾಟೆಯನ್ನು ಸುತ್ತಿ ಬರಲಿ. ದೋಣಿಯ ಮೂತಿಯನ್ನು ಈ ಬಳಸಿಗೆ ಕಟ್ಟಿ ಒಂದು ಎಳೆಯನ್ನು ಜಗ್ಗಿದರೆ ದೋಣಿ ತಾನೇ ಆಳಕ್ಕೆ ಸರಿಯುತ್ತದೆ. ಬೆಳಿಗ್ಗೆ ಇನ್ನೊಂದು ಎಳೆಯನ್ನು ಜಗ್ಗಿದರೆ ಕಾಲು ನೆನೆಯುವ ಮುನ್ನವೇ ದಡಕ್ಕೆ ಬರುತ್ತದೆ. ದೋಣಿಯ ಹಿಂಭಾಗದಿಂದ ದಡಕ್ಕೆ ಸಡಿಲವಾದ ಮತ್ತೊಂದು ಹಗ್ಗವಿದ್ದರೆ ಅದು ಅತ್ತಿತ್ತ ಹೊರಳುವುದಿಲ್ಲ. ನೀರು ಏರಿಳಿಯಲು ಸಾಕಷ್ಟು ಸಡಿಲು ಉಳಿಸಿ, ಆದರೆ ದೋಣಿ ಮತ್ತೆ ದಡಕ್ಕೆ ಬಡಿಯುವಷ್ಟು ಬೇಡ.

ಈ ಏರ್ಪಾಡು ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ತಿಳಿಯಾದ ದಿನಗಳಿಗೆ ಸರಿಹೊಂದುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಮುನ್ಸೂಚನೆಯಿಲ್ಲದೆ ಎತ್ತ ಕಡೆಯಿಂದಾದರೂ ಎರಗುತ್ತದೆ. ಗಾಳಿ ಪಕ್ಕದಿಂದ ಬಂದರೆ ಎರಡೂ ಕಡೆ ಬಿಗಿದ ದೋಣಿಯ ಮೇಲೆ ಬೀಳುವ ಎಳೆತ ಬಹಳ ಹೆಚ್ಚು. ಮಳೆಗಾಲದಲ್ಲಂತೂ ಗಾಳಿಯ ಜೊತೆಗೆ ಮಳೆಯೇ ದೋಣಿಯ ಶತ್ರು. ತಮ್ಮ ದೋಣಿಯ ತೆರೆದ ಬಾಯಿ ಐದು ಚದರ ಮೀಟರ್ ಎಂದುಕೊಂಡರೆ, ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಿದ್ದಾಗ ಅದರೊಳಗೆ 500 ಲೀಟರ್, ಅಂದರೆ ಅರ್ಧ ಟನ್ ನೀರು ಸೇರುತ್ತದೆ. ಮಲೆನಾಡಿನಲ್ಲಿ ಅಂಥ ರಾತ್ರಿಗಳು ಅಪರೂಪವಲ್ಲ. ನಡುವೆ ಬಿದಿರಿನ ಗಳ ಕಟ್ಟಿ, ಮನೆಯ ಮಾಡಿನಂತೆ ಎರಡೂ ಬದಿಗೆ ಇಳಿಜಾರಾಗಿ ತಾಡಪಾಲು ಹೊದಿಸಬೇಕು; ಸಪಾಟಾಗಿ ಹೊದಿಸಿದರೆ ನೀರು ನಡುವೆ ಮಡುಗಟ್ಟಿ ಅದರ ಭಾರಕ್ಕೆ ಹೊದಿಕೆಯೇ ಒಳಕುಸಿಯುತ್ತದೆ. ಬ್ಯಾಟರಿಯಿಂದ ತಾನಾಗಿ ಓಡುವ ಪಂಪು ಇದ್ದರೆ ಒಳ್ಳೆಯದು, ಆದರೆ ಅದನ್ನು ನಂಬಿ ಹೊದಿಕೆ ಬಿಡುವಂತಿಲ್ಲ.

ನನ್ನ ಖಚಿತ ಅಭಿಪ್ರಾಯ ಇಷ್ಟು: ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ತಮ್ಮ ದೋಣಿ ರಾತ್ರಿ ನೀರಿನಲ್ಲಿರಬಾರದು. ಎಂಜಿನ್ ಬಿಚ್ಚಿ, ಇಂಧನದ ಡಬ್ಬಿಯೊಂದಿಗೆ ಮನೆಗೆ ಒಯ್ದರೆ, ಉಳಿದ ದೋಣಿಯನ್ನು ಮೂರು ನಾಲ್ಕು ಜನ ಅಡಕೆ ಮರದ ದುಂಡು ತುಂಡುಗಳ ಮೇಲೆ ಉರುಳಿಸಿ ದಡಕ್ಕೆ ಎಳೆಯಬಹುದು. ತಳದ ಬಿರಡೆ ತೆಗೆದಿಡಿ, ಮಳೆನೀರು ಹರಿದುಹೋಗುತ್ತದೆ. ಮತ್ತೆ ನೀರಿಗಿಳಿಸುವ ಮುನ್ನ ಅದನ್ನು ಹಾಕುವ ಹೊಣೆಯನ್ನು ಮನೆಯ ಒಬ್ಬರಿಗೇ ವಹಿಸಿ. ದಡಕ್ಕೆ ಎಳೆದ ದೋಣಿಯನ್ನೂ ಮೇಲಿನ ಮರಕ್ಕೆ ಉದ್ದ ಹಗ್ಗದಿಂದ ಕಟ್ಟಲೇಬೇಕು, ಏಕೆಂದರೆ ಏರುವ ನೀರು ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತದೆ. ಮರುದಿನದ ಮಳೆಗಾಳಿಯ ವಿಚಾರ ತಿಳಿಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ದೂರವಾಣಿ ಸೇವೆಯನ್ನು ಬಳಸಿಕೊಳ್ಳಿ.

ಇನ್ನೊಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ರಾತ್ರಿ ಗಾಳಿಯೆದ್ದು ದೋಣಿ ಹಗ್ಗ ಕಳಚಿಕೊಂಡದ್ದು ಕಂಡರೆ, ಅದನ್ನು ಹಿಡಿಯಲೆಂದು ಕತ್ತಲಲ್ಲಿ ಯಾರೂ ನೀರಿಗಿಳಿಯಬಾರದು. ದೋಣಿಯ ಬದಿಗೆ ಹೆಸರು, ಊರು, ದೂರವಾಣಿ ಸಂಖ್ಯೆಯನ್ನು ಬಣ್ಣದಲ್ಲಿ ಬರೆದಿಟ್ಟರೆ, ಮರುದಿನ ಎದುರು ದಡದವರು ತಿಳಿಸುತ್ತಾರೆ.

ಪ್ರಶ್ನೆ: ಹೊಸಪೇಟೆಯ ಸಮೀಪ ತುಂಗಭದ್ರಾ ಜಲಾಶಯದಲ್ಲಿ ನಾವು ಹರಿಗೋಲಿನಲ್ಲಿ ಮೀನು ಹಿಡಿಯುತ್ತೇವೆ. ಅದಕ್ಕೂ ಲಂಗರು ಬೇಕೇ?
— ಓದುಗರೊಬ್ಬರು, ಹೊಸಪೇಟೆ

ಉತ್ತರ: ಬೇಡ. ಬಿದಿರ ಹೆಣಿಗೆಯ ಹರಿಗೋಲನ್ನು ಒಬ್ಬರೋ ಇಬ್ಬರೋ ಹೊತ್ತು ತರಬಹುದಾದ್ದರಿಂದ, ಪ್ರತಿ ಸಂಜೆ ದಡದಿಂದ ಸಾಕಷ್ಟು ಮೇಲಕ್ಕೆ ತಂದು ಬೋರಲು ಹಾಕುವ ಹಿರಿಯರ ಪದ್ಧತಿಯೇ ಅತ್ಯುತ್ತಮ. ತಳಕ್ಕೆ ಬಳಿದ ಟಾರು ಒಣಗುತ್ತದೆ, ಬಿದಿರು ಕೊಳೆಯುವುದಿಲ್ಲ, ಮಳೆ ಒಳಗೆ ನಿಲ್ಲುವುದಿಲ್ಲ. ಬಯಲುಸೀಮೆಯ ಗಾಳಿಗೆ ಬೋರಲು ಬಿದ್ದ ಹರಿಗೋಲೂ ಉರುಳುವುದರಿಂದ ಅಂಚಿಗೊಂದು ಹಗ್ಗ ಹಾಕಿ ಕಲ್ಲಿಗೋ ಗಿಡಕ್ಕೋ ಬಿಗಿಯಿರಿ. ತಮ್ಮ ಜಲಾಶಯದ ನೀರು ಏರುವಂತೆಯೇ ಬೇಗ ಇಳಿಯಲೂಬಹುದು ಎಂಬುದು 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾದಾಗ ಎಲ್ಲರ ಅನುಭವಕ್ಕೆ ಬಂದಿದೆ. ಆದ್ದರಿಂದ ಮೋಟಾರು ದೋಣಿಯುಳ್ಳ ನೆರೆಯವರಿಗೆ, ದಡಕ್ಕೆ ಗಿಡ್ಡ ಹಗ್ಗದಿಂದ ಬಿಗಿದು ಬಿಡಬಾರದೆಂದು ತಿಳಿಸಿ. ನೀರು ಇಳಿದರೆ ದೋಣಿ ಹಗ್ಗದಲ್ಲಿ ನೇತಾಡಿ ಮಗುಚಿಕೊಳ್ಳುತ್ತದೆ.

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಒಣಬೊಡ್ಡೆಗಳು ನೀರಿನ ನಡುವೆ ನಿಂತಿವೆ. ಅವಕ್ಕೇ ದೋಣಿ ಕಟ್ಟಬಹುದಲ್ಲವೇ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಹಗಲಿನಲ್ಲಿ, ತಾವು ಪಕ್ಕದಲ್ಲೇ ಇರುವಾಗ, ಅರ್ಧ ಗಂಟೆಯ ಮಟ್ಟಿಗೆ ಕಟ್ಟಬಹುದು, ರಾತ್ರಿಗೆ ಬೇಡ. ಆರು ದಶಕಗಳಿಂದ ನೀರು ಏರಿಳಿಯುತ್ತಾ ನೆನೆದೊಣಗಿದ ಬೊಡ್ಡೆ ಹೊರಗೆ ಗಟ್ಟಿಯಾಗಿ ಕಂಡರೂ ಬೇರಿನ ಬಳಿ ಎಷ್ಟು ಉಳಿದಿದೆಯೆಂದು ಮೇಲಿನಿಂದ ಹೇಳಲಾಗದು. ಗಾಳಿಗೆ ದೋಣಿ ಅದರ ಸುತ್ತ ಸುತ್ತಿದರೆ ಹಗ್ಗವೂ ಸುತ್ತಿಕೊಂಡು ಗಿಡ್ಡವಾಗುತ್ತದೆ, ಕೊನೆಗೆ ದೋಣಿಯ ಮೈ ಬೊಡ್ಡೆಗೆ ಉಜ್ಜಿ ಫೈಬರ್ ಸೀಳುತ್ತದೆ. ನೀರು ಏರಿದರೆ ಮೂತಿ ಕೆಳಕ್ಕೆ ಜಗ್ಗಲ್ಪಡುತ್ತದೆ. ಬೊಡ್ಡೆಗಳಿರುವ ಕಡೆ ಲಂಗರು ಇಳಿಸುವುದಾದರೆ, ಲಂಗರಿನ ತಲೆಯ ಭಾಗಕ್ಕೆ, ಅಂದರೆ ಅಲಗುಗಳಿರುವ ತುದಿಗೆ, ಇನ್ನೊಂದು ತೆಳು ಹಗ್ಗ ಕಟ್ಟಿ ಮೇಲ್ತುದಿಗೆ ಖಾಲಿ ಡಬ್ಬಿಯೊಂದನ್ನು ತೇಲಿಬಿಡಿ; ಲಂಗರು ಬೇರಿಗೆ ಸಿಕ್ಕಿಕೊಂಡಾಗ ಆ ಹಗ್ಗದಿಂದ ಹಿಮ್ಮುಖವಾಗಿ ಎಳೆದರೆ ಬಿಡಿಸಿಕೊಳ್ಳುತ್ತದೆ.

ಶರಾವತಿ ಕಣಿವೆಯ ಒಂದು ಭಾಗ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ, ಜಲಾಶಯವು ಕರ್ನಾಟಕ ವಿದ್ಯುತ್ ನಿಗಮದ ವಶದಲ್ಲಿದೆ. ತಾತ್ಕಾಲಿಕ ಲಂಗರನ್ನು ಬಿಟ್ಟು ಶಾಶ್ವತವಾದ ಗೂಟ, ಕಾಂಕ್ರೀಟ್ ದಿಮ್ಮಿ ಮುಂತಾದವನ್ನು ಹಾಕುವ ಮುನ್ನ ನಿಗಮದ ಸ್ಥಳೀಯ ಕಚೇರಿಯಲ್ಲೂ ಅರಣ್ಯ ಇಲಾಖೆಯಲ್ಲೂ ಲಿಖಿತವಾಗಿ ಕೇಳಿ, ಒಪ್ಪಿಗೆ ಪಡೆದುಕೊಳ್ಳಿ. ಎಂಜಿನ್ ಇರುವ ದೋಣಿಯಾದರೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯ ವಿಚಾರವನ್ನೂ ಅದೇ ಸಂದರ್ಭದಲ್ಲಿ ವಿಚಾರಿಸಿಕೊಳ್ಳುವುದು ಒಳಿತು.