ಖಾಲಿ ಮನೆ ತೊಳೆಯುವ ಕೆಲಸಕ್ಕೆ ರೇಟು ಎಷ್ಟು?

ಪ್ರಶ್ನೆ: ಬಾಡಿಗೆದಾರರು ಬಿಟ್ಟುಹೋದ ಫ್ಲ್ಯಾಟ್‌ಗಳನ್ನು ಮುಂದಿನವರು ಬರುವ ಮೊದಲು ಕ್ಲೀನ್ ಮಾಡಿಕೊಡುವ ಕೆಲಸ ಶುರು ಮಾಡಬೇಕೆಂದಿದ್ದೇನೆ ಮೇಡಂ. ನಾನು, ನನ್ನ ನಾದಿನಿ ಇಬ್ಬರೇ. ರೇಟು ಹೇಗೆ ಹೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಫೋನಿನಲ್ಲಂತೂ ಹೇಳಬೇಡಿ. ನನ್ನ ಮೊದಲ ಮನೆಗೆ ಹಾಗೆ ಹೇಳಿಯೇ ಕೈ ಸುಟ್ಟುಕೊಂಡೆ. ‘ಎರಡೇ ಬೆಡ್‌ರೂಮು’ ಅಂದಿದ್ದರು ಓನರು. ಹೋಗಿ ನೋಡಿದರೆ ಅಡುಗೆಮನೆ ಚಿಮಣಿಯ ಜಾಲರಿಯಿಂದ ಜಿಡ್ಡು ಜೇನುತುಪ್ಪದ ಹಾಗೆ ಇಳಿಯುತ್ತಿತ್ತು. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿ, ಹಳೇ ಬ್ರಷ್‌ನಲ್ಲಿ ಉಜ್ಜಿ, ಅದೊಂದಕ್ಕೇ ಅರ್ಧ ದಿನ ಹೋಯಿತು!

ಮನೆ ನೋಡಿ, ಇಬ್ಬರ ಕೂಲಿ, ಸಾಮಾನು, ಆಟೋ ಖರ್ಚು ಲೆಕ್ಕ ಹಾಕಿ ಹೇಳಿ. ಬಚ್ಚಲಿನ ನಲ್ಲಿ ಮೊದಲು ನೋಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಕಲ್ಲಿನಂತೆ ಕೂತಿದ್ದರೆ ಜಾಸ್ತಿ ಕೇಳಿ, ಸಂಕೋಚ ಬೇಡ. ಆ ಕಲೆಗೆ ಆಸಿಡ್ ಹಾಕುವುದಾದರೆ ಹುಷಾರು, ಮಾರ್ಬಲ್‌ಗೆ ತಾಗಿದರೆ ಹೊಳಪು ಹೋಯಿತು ಅಂತಲೇ ಲೆಕ್ಕ. ಆಸಿಡ್‌ಗೆ ಬ್ಲೀಚ್ ಬೆರೆಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ.

ಪೇಂಟಿಂಗ್ ಮುಗಿದ ಮೇಲೆಯೇ ಹೋಗಿ. ಇಲ್ಲದಿದ್ದರೆ ಸುಮ್ನೆ ಎರಡು ಸಲ ನೆಲ ಒರೆಸಬೇಕು. ಒಳಗೆ ಕಾಲಿಟ್ಟ ತಕ್ಷಣ ಪ್ರತಿ ರೂಮಿನ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಮೊದಲೇ ಬಿರುಕು ಬಿಟ್ಟಿದ್ದ ವಾಶ್‌ಬೇಸಿನ್ ನಿಮ್ಮ ತಲೆಗೆ ಬರಬಾರದು ಅಲ್ವಾ?

ಗಿರಾಕಿ ಬೇಕಿದ್ದರೆ ಅಪಾರ್ಟ್‌ಮೆಂಟಿನ ವಾಚ್‌ಮನ್ ಅಣ್ಣಂದಿರನ್ನು ಮಾತಾಡಿಸಿ. ಯಾವ ಮನೆ ಯಾವತ್ತು ಖಾಲಿಯಾಗುತ್ತದೆ ಅಂತ ಓನರ್‌ಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.